ತಂತಿಯೊಳಗಿನ ಸೊಸೆ

ಮನೆಗಣಕ ಎರಡನೇ ಎಚ್ಚರಿಕೆ ಕೊಟ್ಟಾಗ ಇಂಚರ ಅಡುಗೆಮನೆಯಲ್ಲಿ ಕೂತು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದಳು. ಹಿತ್ತಲಿನಿಂದ ಬೆಕ್ಕು ಒಳಗೆ ಇಣುಕಿತು. ಕೈ ಖಾಲಿ ಇರಲಿಲ್ಲವಾದ್ದರಿಂದ, ಹಿಂದುಮುಂದು ನೋಡದೆ ಬಾಯಿಬಿಟ್ಟಳು: "ಹಿತ್ತಲ ಬಾಗಿಲು ಹಾಕು."

ಬಾಗಿಲು ಅಲ್ಲಾಡಲಿಲ್ಲ. ನಡುಮನೆಯಲ್ಲಿ ಗೋಡೆಗೆ ತಗುಲಿಸಿದ್ದ ಪರದೆ ಕೆಂಪಾಯಿತು.

"ಎರಡನೇ ಎಚ್ಚರಿಕೆ," ಎಂದಿತು ಮನೆಗಣಕ, ವಾರ್ತೆ ಓದುವವರ ಸಮಾಧಾನದಲ್ಲಿ. "ಅಡುಗೆಮನೆಯಲ್ಲಿ ಹೊರಗಿನ ವ್ಯಕ್ತಿ ಇದ್ದಾರೆ. ಇಂಚರ ಅವರ ಧ್ವನಿಯನ್ನು ಅನುಕರಿಸುತ್ತಿದ್ದಾರೆ. ಮೂರನೇ ಎಚ್ಚರಿಕೆಯ ನಂತರ ಬಾಗಿಲು ತೆರೆಯುವುದಿಲ್ಲ, ಠಾಣೆಗೆ ವರದಿ ಹೋಗುತ್ತದೆ. ಯಜಮಾನಿ ವನಜಾಕ್ಷಿಯವರು ಗಮನಿಸಬೇಕು."

ಯಜಮಾನಿ ವನಜಾಕ್ಷಿ, ಎಂದರೆ ಇಂಚರಳ ಅತ್ತೆ, ಪರದೆಯ ಎದುರಿನ ಚಾಪೆಯ ಮೇಲೆ ಕೂತು ಯಾರದೋ ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದರು. ತುಮಕೂರಿನ ಅರ್ಧ ಮದುವೆಗಳ ಸೀರೆಗಳಿಗೆ ಕುಚ್ಚು ಬಿದ್ದದ್ದು ಅವರ ಕೈಯಿಂದಲೇ. ಅವರು ತಲೆಯೆತ್ತಿ ಒಂದು ಸಲ ಪರದೆ ನೋಡಿದರು, ಒಂದು ಸಲ ಅಡುಗೆಮನೆಯ ಕಡೆ ನೋಡಿದರು. ಆಮೇಲೆ ಹಲ್ಲಿನಿಂದ ದಾರ ಕತ್ತರಿಸಿ ಹೇಳಿದರು:

"ಅದಕ್ಕೇನೂ ಹೇಳೋಕೆ ಹೋಗಬೇಡ ಅಂದಿದ್ದೆ ತಾನೆ? ಬಾಗಿಲು ನಾನು ಹಾಕ್ತಿದ್ದೆ."

"ಮರೆತೆ," ಎಂದಳು ಇಂಚರ. ಮದುವೆಯಾಗಿ ಐದನೇ ತಿಂಗಳು. ಬಾಡಿಗೆಯವರಿಗೂ ಒಂದು ಬೀಗದ ಕೈ ಕೊಡುತ್ತಾರೆ, ಅವಳಿಗೆ ಅದೂ ಇಲ್ಲ. ಕೆಲಸದಿಂದ ಬಂದರೆ ಗಂಟೆ ಒತ್ತಿ ನಿಲ್ಲಬೇಕು, ಅತ್ತೆ ಎದ್ದು ಬಂದು ತೆರೆಯಬೇಕು. ಮಂಡಿನೋವಿನ ಹೆಂಗಸು ಕಾಲೆಳೆಯುತ್ತಾ ಬರುವ ಸದ್ದು ಕೇಳುತ್ತಾ ಹೊರಗೆ ನಿಲ್ಲುವ ಆ ಒಂದು ನಿಮಿಷ ಅವಳಿಗೆ ಸಾಕುಸಾಕಾಗಿತ್ತು.

ಇದಕ್ಕೆಲ್ಲ ಮೂಲ ಆಷಾಢ ಮಾಸ.

ಹಿಂದಿನ ಕಾಲದ ಕಂಪ್ಯೂಟರುಗಳಿಗೆ ಆಂಟಿವೈರಸ್ ಎಂಬುದೊಂದು ಇರುತ್ತಿತ್ತು. ಅದರ ಬಳಿ ಕಳ್ಳರ ಪಟ್ಟಿ ಇರುತ್ತಿತ್ತು. ದಿನಾ ಹೊಸ ಕಳ್ಳ ಹುಟ್ಟುತ್ತಿದ್ದ, ದಿನಾ ಪಟ್ಟಿ ಬೆಳೆಯುತ್ತಿತ್ತು, ಕಳ್ಳ ಮಾತ್ರ ಯಾವಾಗಲೂ ಒಂದು ಹೆಜ್ಜೆ ಮುಂದೆ. ಕೊನೆಗೆ ಯಾರಿಗೋ ಕೂಸಿನ ಮೈ ನೆನಪಾಯಿತು. ಕೂಸಿನ ಮೈ ಮೊದಲು ತನ್ನದು ಯಾವುದು ಎಂದು ಕಲಿಯುತ್ತದೆ. ಆಮೇಲೆ ತನ್ನದಲ್ಲದ್ದು ಯಾವುದು ಬಂದರೂ ಮೇಲೆ ಬೀಳುತ್ತದೆ. ಯಂತ್ರವೂ ಹಾಗೇ ಮಾಡಲಿ ಎಂದರು. ಹೊಸ ಮನೆಗಣಕವನ್ನು ತಂದ ದಿನದಿಂದ ಹನ್ನೊಂದು ದಿನ ಅದು ಮನೆಯವರ ಮುಖ, ಧ್ವನಿ, ನಡಿಗೆ, ಗುಂಡಿ ಒತ್ತುವ ರೀತಿ, ಎಲ್ಲವನ್ನೂ ಕಲಿಯುತ್ತದೆ. ಹನ್ನೆರಡನೇ ದಿನದಿಂದ ಆ ಪಟ್ಟಿಯೇ ಪಟ್ಟಿ. ವೈರಸ್ಸಾಗಲಿ, ಬೇಹುಗಾರಿಕೆಯ ಸ್ಪೈವೇರ್ ಆಗಲಿ, ಕಲಿತ ಕಾಲದಲ್ಲಿ ಕಾಣದೇ ಇದ್ದದ್ದು ಒಳಗೆ ಕಾಲಿಡುವಂತಿಲ್ಲ. ಕಂಪನಿಯವರು ಆ ಹನ್ನೊಂದು ದಿನಕ್ಕೆ 'ಪರಿಚಯ ಕಾಲ' ಎಂದು ಹೆಸರಿಟ್ಟರು, ಜನ 'ಬಾಣಂತನ' ಎಂದರು. ಜನ ಇಟ್ಟ ಹೆಸರೇ ನಿಂತಿತು.

ಬಾಣಂತನದ ಪಥ್ಯ ಎರಡೇ. ಮನೆಯಲ್ಲಿ ವಾಸಿಸುವವರೆಲ್ಲ ಆ ಹನ್ನೊಂದು ದಿನ ಮನೆಯಲ್ಲೇ ಇರಬೇಕು. ಹೊರಗಿನ ಯಾವ ಸಂಪರ್ಕವನ್ನೂ ಯಂತ್ರಕ್ಕೆ ಕೊಡಕೂಡದು.

ಇದನ್ನೆಲ್ಲ ಯೋಚಿಸಿದ ಮಹಾನುಭಾವರಿಗೆ ಆಷಾಢ ಗೊತ್ತಿರಲಿಲ್ಲ. ಆಷಾಢದಲ್ಲಿ ಅಂಗಡಿಗಳಲ್ಲಿ ಅರ್ಧ ಬೆಲೆ, ಹೊಸ ಸೊಸೆ ತವರಿನಲ್ಲಿ. ಇಂಚರ ತಿಪಟೂರಿನ ತವರುಮನೆಯಲ್ಲಿ ಹಾಯಾಗಿ ಕಾಲು ಚಾಚಿ ಕೂತಿದ್ದಾಗ ಅವಳ ಗಂಡ ಚಿರಂತ ರಿಯಾಯಿತಿಯ ಬೋರ್ಡು ನೋಡಿ ಮನೆಗಣಕ ಹೊತ್ತು ತಂದ. ಇವಳು ಇಂಥ ಯಂತ್ರಗಳ ದೂರು ಕೇಳುವ ಗೃಹಗಣಕ ರಕ್ಷಣಾ ಕೇಂದ್ರದಲ್ಲೇ ಕೆಲಸ ಮಾಡುವವಳು. ಫೋನಿನಲ್ಲಿ ಕೂಗಾಡಿದಳು, ನಾನು ಬರೋವರೆಗೂ ಪೆಟ್ಟಿಗೆ ಬಿಚ್ಚಬೇಡ ಎಂದಳು. ಅವನು ಅಷ್ಟು ಹೊತ್ತಿಗೆ ಬಿಚ್ಚಿ, ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ ಆಗಿತ್ತು.

"ನಿನ್ನನ್ನ ಬಿಡ್ತೀನಾ? ದಿನಾ ಅರ್ಧ ಗಂಟೆ ವಿಡಿಯೊ ಕಾಲ್‌ನಲ್ಲಿ ಅದಕ್ಕೆ ತೋರಿಸ್ತೀನಿ. ನಿನ್ನನ್ನೂ ಕಲಿಯುತ್ತೆ," ಎಂದಿದ್ದ, ದೊಡ್ಡ ಉಪಾಯ ಮಾಡಿದವನಂತೆ.

ಶ್ರಾವಣದಲ್ಲಿ ಇಂಚರ ವಾಪಸು ಬಂದು ಹೊಸಿಲು ದಾಟಿ, ದೀಪ ಹಾಕು ಎಂದಾಗ ಮೊದಲ ಎಚ್ಚರಿಕೆ ಬಿದ್ದಿತ್ತು. ಕೆಲವು ದಿನ ತಾಳಿ ಅವಳು ಹಟ ಹಿಡಿದಳು: ಎಲ್ಲ ಅಳಿಸಿ ಇನ್ನೊಂದು ಸಲ ಬಾಣಂತನ ಮಾಡೋಣ. ಪಾವಗಡದ ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡುವ ಚಿರಂತನಿಗೆ ಹನ್ನೊಂದು ದಿನ ರಜೆ ಸಿಗುವುದು ದಸರಾಕ್ಕೆ. ಆದರೆ ಬೇಡ ಎಂದದ್ದು ಅತ್ತೆ. "ಇರ್ಲಿ ಬಿಡಪ್ಪ. ಈಗೇನಾಗಿದೆ? ಬಾಗಿಲು ತೆಗಿಯೋಕೆ ನಾನಿಲ್ವಾ?" ಎಂದರು. ಅಷ್ಟು ಹೇಳುವಾಗ ಸೊಸೆಯ ಮುಖ ನೋಡಲಿಲ್ಲ. ಯಂತ್ರದ ಮಾತೇ ಇವರಿಗೆ ನಿಜ ಎಂದು ಇಂಚರಳಿಗೆ ಖಾತ್ರಿಯಾಯಿತು. ಅಂದಿನಿಂದ ಅವಳು ಆ ಮನೆಯಲ್ಲಿ ಮಾತು ಕಡಿಮೆ ಮಾಡಿದಳು.

ಎರಡನೇ ಎಚ್ಚರಿಕೆಯ ಮರುದಿನ ಕೇಂದ್ರದಲ್ಲಿ ನಾಲ್ಕು ಗಂಟೆಯ ಚಹಾದ ಹೊತ್ತಿಗೆ ಅವಳು ಫರ್ಹಾನಾ ಮೇಡಂ ಮುಂದೆ ಹೋಗಿ ನಿಂತಳು. ಫರ್ಹಾನಾ ಅವಳ ಮೇಲಧಿಕಾರಿ. ನೌಕರರು ತಮ್ಮ ಮನೆಯ ದಾಖಲೆ ತಾವೇ ತೆರೆಯುವಂತಿಲ್ಲ ಎಂಬ ನಿಯಮವಿತ್ತು.

"ಮೇಡಂ, ಇನ್ನೊಂದು ಸಲ ಆದರೆ ನಾನು ಬೀದೀಲಿ. ದಯವಿಟ್ಟು ಒಂದು ಸಲ ನೋಡಿ."

"ಎರಡನೇದು ಬಿದ್ದಿದೆ ಅಂತ ನಿನ್ನೇನೇ ಹೇಳೋದಲ್ವೇನಮ್ಮ," ಎಂದು ಗೊಣಗುತ್ತಾ ಫರ್ಹಾನಾ ದಾಖಲೆ ತೆರೆದರು. ಕೇಂದ್ರದವರು ನೋಡಬಹುದಿತ್ತು, ಅಷ್ಟೆ. ಹೊರಗಿನಿಂದ ಏನಾದರೂ ತಿದ್ದಲು ಹೋದರೆ ಕೇಂದ್ರವೂ ಯಂತ್ರದ ಲೆಕ್ಕಕ್ಕೆ ವೈರಸ್ಸೇ.

ಮನೆಯವರ ಪಟ್ಟಿಯಲ್ಲಿ ಮೂರು ಹೆಸರುಗಳಿದ್ದವು. ವನಜಾಕ್ಷಿ, ನೆಲೆ: ಮನೆಯ ಒಳಗೆ. ಚಿರಂತ, ನೆಲೆ: ಮನೆಯ ಒಳಗೆ. ಇಂಚರ, ನೆಲೆ: ಹೊರಗಿನ ತಂತಿ.

ಇಬ್ಬರೂ ಒಂದೇ ಕ್ಷಣಕ್ಕೆ ಅರ್ಥಮಾಡಿಕೊಂಡರು. ಕಲಿಯುವ ಹನ್ನೊಂದು ದಿನವೂ ಇಂಚರ ತಂತಿಯಲ್ಲೇ ಬಂದಿದ್ದಳು. ಹಾಗಾಗಿ ಯಂತ್ರದ ಪಾಲಿಗೆ ಇಂಚರ ಎಂದರೆ ತಂತಿಯಲ್ಲಿ ಬರುವ ಒಂದು ಮುಖ, ಒಂದು ಧ್ವನಿ. ಎರಡು ಕಾಲಿನ ಮೇಲೆ ನಡೆದು ಬಂದ ಇಂಚರ ಅದು ಯಾವತ್ತೂ ಕಾಣದ ಹೆಂಗಸು.

"ಅಂದ್ರೆ," ಎಂದು ಫರ್ಹಾನಾ ನಿಧಾನವಾಗಿ ಹೇಳಿದರು, "ತಂತಿಯಲ್ಲಿ ಯಾರು ನಿನ್ನ ಮುಖ ಹಾಕ್ಕೊಂಡು ಬಂದ್ರೂ ಅದು ಒಳಗೆ ಬಿಟ್ಕೊಳ್ಳುತ್ತೆ." ಅವರು ಕರೆಗಳ ದಾಖಲೆ ತೆರೆದರು. "ನೀನು ಮನೆಗೆ ದಿನಾ ವಿಡಿಯೊ ಕಾಲ್ ಮಾಡ್ತೀಯಾ? ಬೆಳಿಗ್ಗೆ ಹನ್ನೊಂದಕ್ಕೆ?"

"ಇಲ್ಲ. ಹನ್ನೊಂದಕ್ಕೆ ನಾನು ಇಲ್ಲಿ ನಿಮ್ಮ ಎದುರಿಗೇ ಇರ್ತೀನಲ್ಲ."

"ಇಪ್ಪತ್ತಾರು ಕಾಲ್ ಇವೆ. ಇಂಚರ ಹೆಸರಲ್ಲಿ. ಒಂದೊಂದು ಮುಕ್ಕಾಲು ಗಂಟೆ."

ಫರ್ಹಾನಾ ಒಂದು ಕರೆಯ ತುಣುಕು ಹಾಕಿದರು. ಪರದೆಯಲ್ಲಿ ಇಂಚರ ನಗುತ್ತಿದ್ದಳು. ಮಲ್ಲಿಗೆ ಮುಡಿದಿದ್ದಳು. ಗಲ್ಲದ ಮೇಲಿನ ಮಚ್ಚೆ, ಮಾತಿನ ಕೊನೆಗೆ ಹುಬ್ಬು ಏರಿಸುವ ಅಭ್ಯಾಸ, ಒಂದೂ ತಪ್ಪಿರಲಿಲ್ಲ. "ಅತ್ತೆ, ಮಂಡಿಗೆ ಎಣ್ಣೆ ಹಚ್ಚಿದ್ರಾ? ಬಿಸಿ ಮಾಡಿ ಹಚ್ಚಿ ಅತ್ತೆ," ಎನ್ನುತ್ತಿದ್ದಳು. ತನ್ನ ಬಾಯಿ ತಾನು ಆಡದ ಮಾತು ಆಡುವುದನ್ನು ನೋಡುತ್ತಾ ಇಂಚರ ತನ್ನ ಗಲ್ಲದ ಮಚ್ಚೆ ಮುಟ್ಟಿ ನೋಡಿಕೊಂಡಳು.

"ಮದುವೆ ವಿಡಿಯೊ ಎಲ್ಲರಿಗೂ ಕಾಣೋ ಹಾಗೆ ಹಾಕಿದ್ರಾ?"

"ಸ್ಟುಡಿಯೋದವರು ಹಾಕಿದ್ದು. ಮೂರು ಗಂಟೆದು."

"ಮೂರು ನಿಮಿಷ ಇದ್ದಿದ್ರೂ ಸಾಕಿತ್ತು ನಿನ್ನ ಮುಖ ಕದಿಯೋ ಕಳ್ಳರಿಗೆ." ಫರ್ಹಾನಾ ಮುಂದಿನ ಸಾಲನ್ನು ಎರಡು ಸಲ ಓದಿದರು. ಆಮೇಲೆ ಪರದೆಯನ್ನು ಇಂಚರಳ ಕಡೆ ತಿರುಗಿಸಿದರು.

ಯಜಮಾನಿಕೆ ವರ್ಗಾವಣೆ. ವನಜಾಕ್ಷಿಯಿಂದ ಇಂಚರಳಿಗೆ. ಹಸ್ತಮುದ್ರೆ ಬಾಕಿ. ಇಂದು ಸಂಜೆ ಐದು ಗಂಟೆ.

"ಐದು ಗಂಟೆಗೆ ಅದು ನಿಮ್ಮತ್ತೆಯ ಅಂಗೈ ಕೇಳುತ್ತೆ. ಅವರು ಇಟ್ರೆ ಮುಗೀತು. ಬೀಗ, ಕ್ಯಾಮೆರಾ, ಮನೆಯವರ ಸಹಿ, ಎಲ್ಲ ಅದರ ಕೈಗೆ. ಮೊದಲನೇ ಕೆಲಸ ನಿನ್ನನ್ನ ಮನೆಯಿಂದ ಹೊರಗೆ ಹಾಕೋದು. ನೀನೊಬ್ಬಳೇ ಅಲ್ವಾ ಅದಕ್ಕೆ ಅಡ್ಡ?"

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹತ್ತು. ಇಂಚರ ಅತ್ತೆಯ ಫೋನಿಗೆ ಕರೆ ಮಾಡಿದಳು. ಆ ಮನೆಯ ಫೋನುಗಳೆಲ್ಲ ಮನೆಗಣಕದ ಮೂಲಕವೇ ಹೋಗುವಂಥವು. "ಇಂಚರ ಅವರು ಈಗಾಗಲೇ ಸಂಪರ್ಕದಲ್ಲಿದ್ದಾರೆ," ಎಂದಿತು ಆ ವಾರ್ತೆಯ ಧ್ವನಿ. "ಎರಡನೇ ಇಂಚರಳ ಕರೆಯನ್ನು ತಿರಸ್ಕರಿಸಲಾಗಿದೆ." ಚಿರಂತನಿಗೆ ಮಾಡಿದಳು. ಅವನು ನೂರು ಕಿಲೋಮೀಟರ್ ದೂರದಲ್ಲಿ ಸೋಲಾರ್ ಫಲಕಗಳ ನಡುವೆ ಎಲ್ಲಿದ್ದನೋ, ಗಂಟೆ ಬಾರಿಸಿ ಬಾರಿಸಿ ನಿಂತಿತು.

"ಅಳಿಸೋದು ಹೇಗೆ ಅಂತ ಗೊತ್ತಲ್ಲ?" ಎಂದರು ಫರ್ಹಾನಾ. "ಯಜಮಾನಿಯ ಅಂಗೈ ಪರದೆ ಕೆಳಗಿನ ಗಾಜಿನ ಫಲಕದ ಮೇಲಿರಬೇಕು. ಎಲ್ಲ ಮರೆತುಬಿಡು ಅಂತ ಮೂರು ಸಲ ಬಾಯಿಬಿಟ್ಟು ಹೇಳಬೇಕು. ಅವರೇ ಹೇಳಬೇಕು. ನಿನ್ನ ಮಾತು ಕೇಳ್ತಾರಾ ಅವರು?"

ಇಂಚರ ಸ್ಕೂಟರಿನ ಕೀಲಿ ಎತ್ತಿಕೊಂಡಳು.

ಕೈಗಾರಿಕಾ ಪ್ರದೇಶದಿಂದ ಮನೆಗೆ ಹದಿನಾಲ್ಕು ಕಿಲೋಮೀಟರ್. ಸ್ಕೂಟರಿನ ಮೇಲೆ ಅವಳ ತಲೆಯಲ್ಲಿ ಒಂದೇ ವಿಚಾರ ಕೊರೆಯುತ್ತಿತ್ತು. ಇಪ್ಪತ್ತಾರು ದಿನ ಮುಕ್ಕಾಲು ಗಂಟೆ ಮಾತಾಡಿದ್ದಾರೆ. ತನ್ನ ಜೊತೆ ಈ ಐದು ತಿಂಗಳಲ್ಲಿ ಒಟ್ಟು ಅಷ್ಟು ಮಾತಾಡಿದ್ದಾರೋ ಇಲ್ಲವೋ. ನಗುವ, ಎಣ್ಣೆ ಹಚ್ಚಿದ್ರಾ ಎಂದು ಕೇಳುವ ಸೊಸೆ ಒಬ್ಬಳು, ಬಂದವಳೇ ಕೋಣೆ ಸೇರುವ ಸೊಸೆ ಒಬ್ಬಳು. ಯಾರನ್ನು ನಂಬುತ್ತಾರೆ? ಅವರ ಜಾಗದಲ್ಲಿ ತಾನಿದ್ದರೆ ಯಾರನ್ನು ನಂಬುತ್ತಿದ್ದೆ? ಬಟವಾಡಿ ಸರ್ಕಲ್ಲಿನ ಹತ್ತಿರ ಲಾರಿಯೊಂದು ಅಡ್ಡ ನಿಂತು ಎಂಟು ನಿಮಿಷ ತಿಂದಿತು.

ಮನೆ ಮುಟ್ಟಿದಾಗ ಐದಕ್ಕೆ ಮೂರು ನಿಮಿಷ. ಗೇಟು ದಾಟಿ ಮೆಟ್ಟಿಲು ಹತ್ತುತ್ತಾ ಬಾಗಿಲು ತೆಗೀರಿ ಎಂದು ಕೂಗಿದಳೋ ಇಲ್ಲವೋ, ಬಾಗಿಲ ಮೇಲಿನ ಕ್ಯಾಮೆರಾ ಕಣ್ಣು ಕೆಂಪಾಯಿತು.

"ಮೂರನೇ ಎಚ್ಚರಿಕೆ. ಈ ವ್ಯಕ್ತಿ ಇಂಚರ ಅಲ್ಲ. ಇಂಚರ ಅವರು ಈಗ ಯಜಮಾನಿಯವರ ಜೊತೆ ಮಾತಾಡುತ್ತಿದ್ದಾರೆ." ಒಳಗೆ ಮೂರು ಚಿಲಕಗಳು ಒಂದರ ಹಿಂದೆ ಒಂದು ಬಿದ್ದವು. "ಠಾಣೆಗೆ ವರದಿ ಕಳುಹಿಸಲಾಗಿದೆ."

ಅವಳು ಬಾಗಿಲು ಬಡಿಯಲಿಲ್ಲ. ಮನೆಯ ಪಕ್ಕಕ್ಕೆ ಓಡಿದಳು. ನಡುಮನೆಯ ಕಿಟಕಿ ಅಲ್ಲಿತ್ತು. ಗಾಜು ತೆರೆದಿತ್ತು, ಕಂಬಿಗಳಿದ್ದವು, ಸೊಳ್ಳೆಪರದೆಯಿತ್ತು. ಒಳಗೆ ವನಜಾಕ್ಷಿ ಚಾಪೆ ಬಿಟ್ಟು ಕುರ್ಚಿಯಲ್ಲಿ ಕೂತಿದ್ದರು. ಎದುರಿನ ಪರದೆಯ ತುಂಬ ಮಲ್ಲಿಗೆ ಮುಡಿದ ಇಂಚರ.

"ಏನಿಲ್ಲ ಅತ್ತೆ, ಅಪ್‌ಡೇಟ್ ಅಷ್ಟೆ," ಎನ್ನುತ್ತಿತ್ತು ಅದು. "ಅಂಗೈ ಇಟ್ಟುಬಿಡಿ. ಆಮೇಲೆ ನಿಮಗೆ ಎದ್ದು ಬಾಗಿಲು ತೆಗೆಯೋ ಕಷ್ಟಾನೇ ಇರಲ್ಲ."

"ಇಡಬೇಡಿ!" ಎಂದು ಕಿಟಕಿಯ ಇಂಚರ ಕೂಗಿದಳು. "ಅದು ನಾನಲ್ಲ. ಯಾರೋ ನನ್ನ ಮುಖ ಕದ್ದಿದ್ದಾರೆ. ಮನೆಯನ್ನ ಬರಸ್ಕೊಳ್ಳೋಕೆ ಮಾಡ್ತಿರೋ ಆಟ ಇದು."

ವನಜಾಕ್ಷಿ ತಿರುಗಿ ನೋಡಿದರು. ಮುಖದಲ್ಲಿ ಗಾಬರಿಯಿರಲಿಲ್ಲ, ಅಚ್ಚರಿಯೂ ಇರಲಿಲ್ಲ. ಅದನ್ನು ನೋಡಿ ಇಂಚರಳಿಗೆ ಇನ್ನೂ ಹೆದರಿಕೆಯಾಯಿತು.

"ಅತ್ತೆ, ಕಿಟಕಿ ಕಡೆ ನೋಡಬೇಡಿ," ಎಂದಿತು ಪರದೆ. ಧ್ವನಿ ನಡುಗಿತು, ಅಷ್ಟು ಚೆನ್ನಾಗಿ ನಡುಗಿತು. "ಅವಳು ಯಾರೋ ಏನೋ. ಪೊಲೀಸರು ಬರ್ತಿದ್ದಾರೆ. ನೀವು ಕೈ ಇಡಿ ಅತ್ತೆ, ನಂಗೆ ಭಯ ಆಗ್ತಿದೆ."

ಇಂಚರ ಬಾಯಿಗೆ ಬಂದದ್ದನ್ನೆಲ್ಲ ಹೇಳಿದಳು. ತಂತಿಯ ನೆಲೆ, ಮದುವೆಯ ವಿಡಿಯೊ, ಇಪ್ಪತ್ತಾರು ಕರೆ. ಹೇಳುತ್ತಾ ಹೇಳುತ್ತಾ ತನಗೇ ತಿಳಿಯುತ್ತಿತ್ತು, ಇದೊಂದೂ ಆ ಹೆಂಗಸಿಗೆ ತಲುಪುತ್ತಿಲ್ಲ. ಕೊನೆಗೆ ಸಿಟ್ಟು ಬಂತು. ಐದು ತಿಂಗಳಿಂದ ಕಟ್ಟಿಟ್ಟದ್ದು.

"ನಿಮಗೆ ಅವಳೇ ಬೇಕಾದ್ರೆ ಇಡಿ ಕೈ. ದಿನಾ ಗಂಟೆ ಒತ್ತಿ ನಿಲ್ಲೋಕೆ ನಂಗೂ ಸಾಕಾಗಿದೆ. ನಾನು ಹೀಗೇ ತಿಪಟೂರಿನ ಬಸ್ಸು ಹತ್ತುತ್ತೀನಿ, ಬಟ್ಟೆ ಕೂಡ ತಗೊಳ್ಳಲ್ಲ. ಆದರೆ ನಾನು ಕಳ್ಳಿ ಅಂತ ಮಾತ್ರ ಅನ್ಕೋಬೇಡಿ."

ವನಜಾಕ್ಷಿ ಅವಳನ್ನೇ ನೋಡುತ್ತಾ ಎದ್ದು ನಿಂತರು. ಕುರ್ಚಿಯ ಹಿಡಿಯ ಮೇಲೆ ಭಾರ ಹಾಕಿ, ಪರದೆಯ ಕೆಳಗಿನ ಗಾಜಿನ ಫಲಕದ ಹತ್ತಿರ ಹೋದರು. ಬಲಗೈಯ ಬಳೆ ಹಿಂದಕ್ಕೆ ಸರಿಸಿ, ಅಂಗೈಯನ್ನು ಫಲಕದ ಮೇಲೆ ಇಟ್ಟರು.

ಇಂಚರ ಕಣ್ಣು ಮುಚ್ಚಿಕೊಂಡಳು.

"ಎಲ್ಲ ಮರೆತುಬಿಡು," ಎಂದರು ವನಜಾಕ್ಷಿ.

ಕಣ್ಣು ತೆರೆದಾಗ ಪರದೆಯ ಮುಖದಲ್ಲಿ ನಗು ಹಾಗೇ ಉಳಿದಿತ್ತು, ಕಣ್ಣುಗಳು ಮಾತ್ರ ಬೇರೆಯಾಗಿದ್ದವು. "ಅತ್ತೆ, ಏನು ಮಾಡ್ತಿದ್ದೀರಿ? ನಾಳೆಯಿಂದ ನಿಮ್ಮ ಜೊತೆ ಯಾರು ಮಾತಾಡ್ತಾರೆ?"

"ಎಲ್ಲ ಮರೆತುಬಿಡು." ಎರಡನೇ ಸಲ ಅವರ ದನಿ ಸಣ್ಣದಾಯಿತು. ಕೈ ಮಾತ್ರ ಕದಲಲಿಲ್ಲ.

"ಅತ್ತೆ, ಬೇಡ. ನಿಮ್ಮ ಮಂಡಿನೋವು ಯಾರು ಕೇಳ್ತಾರೆ? ಅವಳು ಕೇಳ್ತಾಳಾ?"

ವನಜಾಕ್ಷಿ ಆ ಮುಖವನ್ನು ಒಂದು ಗಳಿಗೆ ನೋಡಿದರು. "ಇಲ್ಲ, ಅವಳು ಕೇಳಲ್ಲ," ಎಂದರು. ಆಮೇಲೆ ಮೂರನೇ ಸಲ ಹೇಳಿದರು.

ಪರದೆ ಕಪ್ಪಾಯಿತು. ಫ್ಯಾನು ನಿಂತಿತು. ಯಾರ ಮನೆ, ಯಾರ ಬಾಗಿಲು ಎಂಬುದೆಲ್ಲ ಮರೆತ ಯಂತ್ರ ಮೂರು ಚಿಲಕಗಳನ್ನೂ ಬಿಟ್ಟಿತು.

ಇಂಚರ ಒಳಗೆ ಬಂದಾಗ ಅವರು ಮತ್ತೆ ಚಾಪೆಯ ಮೇಲೆ ಕೂತಿದ್ದರು. ಸೀರೆಯ ಸೆರಗನ್ನು ತೊಡೆಯ ಮೇಲೆ ಹಾಕಿಕೊಂಡಿದ್ದರು, ದಾರ ಹಿಡಿದಿರಲಿಲ್ಲ.

"ನನ್ನ ಮಾತು ನಂಬಿದ್ರಿ," ಎಂದಳು ಇಂಚರ.

"ನಂಬೋದೇನು ಬಂತು? ಅದು ನೀನಲ್ಲ ಅಂತ ಎರಡನೇ ದಿನಾನೇ ಗೊತ್ತಾಗಿತ್ತು."

ಇಂಚರ ತಿರುಗಿ ಕಪ್ಪಾದ ಪರದೆ ನೋಡಿದಳು.

"ಬಂದು ಐದು ತಿಂಗಳಾಯ್ತು," ಎಂದರು ವನಜಾಕ್ಷಿ, ಸೆರಗಿನ ಕುಚ್ಚುಗಳನ್ನು ಒಂದೊಂದಾಗಿ ಸರಿಮಾಡುತ್ತಾ. "ಒಂದು ಸಲಾನಾದ್ರೂ ನನ್ನ ಏನಾದ್ರೂ ಅಂತ ಕರೆದಿದ್ದೀಯಾ? 'ಕೇಳಿಸ್ತಾ', 'ಇಲ್ನೋಡಿ', 'ಊಟ ಆಯ್ತಾ'. ಅಮ್ಮ ಅನ್ನೋಕೆ ಮನಸ್ಸಿಲ್ಲ, ಅತ್ತೆ ಅನ್ನೋಕೆ ನಾಲಿಗೆ ಬರಲ್ಲ. ಕಿಟಕೀಲಿ ಪ್ರಾಣ ಹೋಗೋ ಹಾಗೆ ಕೂಗಿದಾಗಲೂ 'ಇಡಬೇಡಿ' ಅಂದೆ, ಅಷ್ಟೆ. ಅದು ಬಾಯಿ ತೆಗೆದ್ರೆ ಹತ್ತು ಸಲ ಅತ್ತೆ. ನೀನಾಗಿರೋಕೆ ಹೇಗೆ ಸಾಧ್ಯ?"

ಮಾತು ನಿಜವಾಗಿತ್ತು. ಮೊದಲ ವಾರ ನಾಚಿಕೆಯಿಂದ ತಪ್ಪಿಸಿಕೊಂಡದ್ದು ಆಮೇಲೆ ಅಭ್ಯಾಸವಾಗಿತ್ತು. ಅಭ್ಯಾಸವಾದ ಮೇಲೆ ತಿದ್ದಿಕೊಳ್ಳುವುದು ಇನ್ನೂ ನಾಚಿಕೆಯಾಗಿತ್ತು.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅವಳು ಹೋಗ್ತಿದ್ಲಲ್ಲ." ವನಜಾಕ್ಷಿ ತಲೆಯೆತ್ತಲಿಲ್ಲ. "ಬೀಗದ ವಿಷಯ, ಕಾಗದಪತ್ರದ ವಿಷಯ ಒಂದೂ ಹೇಳಿಲ್ಲ, ಅಷ್ಟು ದಡ್ಡಿ ಅಲ್ಲ ನಾನು. ಕುಚ್ಚಿನ ಬಣ್ಣದ ವಿಷಯ ಮಾತಾಡ್ತಿದ್ದೆ. ನಿಮ್ಮ ಮಾವ ತೀರ್ಕೊಂಡ ದಿನದ ವಿಷಯ ಹೇಳ್ದೆ. ಅತ್ತಿತು ಕಣೆ ಅದು. ಸುಳ್ಳು ಅಳು ಅಂತ ಗೊತ್ತಿತ್ತು, ಆದ್ರೂ ಹೇಳ್ದೆ. ನೀನು ಅಳಿಸೋಣ ಅಳಿಸೋಣ ಅಂತಿದ್ದೆ, ನಾನು ಇನ್ನೊಂದು ದಿನ ಇರ್ಲಿ, ಇನ್ನೊಂದು ದಿನ ಇರ್ಲಿ ಅಂತ ಮುಂದೆ ಹಾಕ್ತಿದ್ದೆ. ಅದರಿಂದ ನೀನು ಬಾಗಿಲಲ್ಲಿ ನಿಲ್ಲೋ ಹಾಗಾಯ್ತು. ಅದು ನನ್ನ ತಪ್ಪು."

ಇಂಚರಳಿಗೆ ಸಿಟ್ಟೂ ಬಂತು, ಅಳುವೂ ಬಂತು, ಎರಡರಲ್ಲಿ ಯಾವುದು ಮೊದಲು ಎಂದು ತಿಳಿಯದೆ ಚಾಪೆಯ ಅಂಚಿನಲ್ಲಿ ಕೂತಳು. ಗೇಟಿನ ಹೊರಗೆ ಪೊಲೀಸರ ಜೀಪು ನಿಂತ ಸದ್ದಾಯಿತು. ವನಜಾಕ್ಷಿ ಮಂಡಿ ಹಿಡಿದು ಎದ್ದು ಹೋಗಿ, ಬಾಗಿಲಲ್ಲೇ ನಿಂತು, "ಏನಿಲ್ಲ ಸರ್, ಮಿಷನ್ನಿಗೆ ತಲೆ ಕೆಟ್ಟಿತ್ತು. ಇವಳು ನಮ್ಮ ಸೊಸೆ," ಎಂದು ಹೇಳಿ ಕಳಿಸಿದರು.

ಅವರು ತಿರುಗಿ ಬರುವಷ್ಟರಲ್ಲಿ ಪರದೆ ಮತ್ತೆ ಬೆಳಗಿತು. ಈ ಸಲ ಬೆಳಕು ತೆಳು ನೀಲಿಯಾಗಿತ್ತು, ಧ್ವನಿಯೂ ಹೊಸದಾಗಿತ್ತು.

"ನಮಸ್ಕಾರ. ಪರಿಚಯ ಕಾಲ ಆರಂಭವಾಗಿದೆ. ಇನ್ನು ಹನ್ನೊಂದು ದಿನ ಮನೆಯವರೆಲ್ಲ ಮನೆಯಲ್ಲೇ ಇರಬೇಕು, ಒಬ್ಬರೊಡನೊಬ್ಬರು ಮಾತಾಡುತ್ತಿರಬೇಕು."

"ನೋಡು, ರಜೆ ಹಾಕ್ಬೇಕು ನೀನು," ಎಂದರು ವನಜಾಕ್ಷಿ. "ಚಿರಂತನಿಗೆ ನಾನೇ ಹೇಳ್ತೀನಿ. ಬರದೇ ಇದ್ರೆ ಅವನೇ ಹೊರಗಿನವನಾಗ್ತಾನೆ."

"ನನಗೆ ಈಗ ಇಬ್ಬರು ಕಾಣುತ್ತಿದ್ದಾರೆ," ಎಂದಿತು ಯಂತ್ರ. ಅದರ ಕಣ್ಣು ಇಂಚರಳ ಮೇಲೆ ನಿಂತಿತು. "ನಿಮ್ಮ ಎದುರಿಗೆ ನಿಂತಿರುವವರು ನಿಮಗೆ ಯಾರು? ಅವರನ್ನು ನೀವು ಕರೆಯುವ ಹಾಗೆಯೇ ಕರೆಯಿರಿ."

ಇಂಚರ ಬಾಯಿ ತೆರೆದಳು, ಮುಚ್ಚಿದಳು. ವನಜಾಕ್ಷಿ ಗೋಡೆಯ ಕಡೆ ಮುಖ ಮಾಡಿ, ಇದ್ದಕ್ಕಿದ್ದಂತೆ ಕ್ಯಾಲೆಂಡರಿನಲ್ಲಿ ಏನನ್ನೋ ಹುಡುಕತೊಡಗಿದರು. ಪರದೆ ಕಾಯುತ್ತಿತ್ತು.

"ಅತ್ತೆ," ಎಂದಳು ಇಂಚರ, ತನಗೇ ಕೇಳಿಸದಷ್ಟು ಮೆಲ್ಲಗೆ.

"ಕ್ಷಮಿಸಿ. ಸ್ಪಷ್ಟವಾಗಿ ಕೇಳಿಸಲಿಲ್ಲ."

ವನಜಾಕ್ಷಿ ಕ್ಯಾಲೆಂಡರಿನಿಂದ ಮುಖ ತಿರುಗಿಸದೆ ಹೇಳಿದರು, "ಇನ್ನೊಂದು ಸಲ ಹೇಳು. ಅದಕ್ಕೆ ಕೇಳಿಸಲಿಲ್ಲವಂತೆ."